ಬಂಗಿಗೆ ನಾನು ಹಚ್ಚಿ ನೋಡಿದ್ದು: ಅರಿಶಿನ, ಮೆಡಿಕಲ್ ಟ್ಯೂಬ್, ಅಜೆಲಾಯಿಕ್, ಪೀಲ್

ಎರಡನೇ ಹೆರಿಗೆ ಆದ ಮೇಲೆ ನನ್ನ ಮುಖಕ್ಕೆ ಬಂಗು, ಅಂದರೆ ಕಂದುಗಪ್ಪು ಕಲೆ, ಬಂತು. ಮೊದಲು ಮೂಗಿನ ಪಕ್ಕ ಕಾಸಿನಗಲ ಇತ್ತು. ಆಮೇಲೆ ಎರಡೂ ಕೆನ್ನೆಗೆ ಹರಡಿ ಮೇಲ್ದುಟಿಯ ಮೇಲೂ ಕೂತಿತು. ಡಾಕ್ಟರು ಇದಕ್ಕೆ ಮೆಲಾಸ್ಮಾ ಅಂತಾರೆ. ಬಸುರಿಯಲ್ಲಿ ಹಾರ್ಮೋನ್ ಏರುಪೇರು, ಬಿಸಿಲು, ಗರ್ಭನಿರೋಧಕ ಮಾತ್ರೆ, ಮನೆತನ, ಇಷ್ಟರಲ್ಲಿ ಯಾವುದಾದರೂ ಸೇರಿಕೊಂಡರೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಆ ಜಾಗದಲ್ಲಿ ಜಾಸ್ತಿ ಆಗುತ್ತದೆ. ನಮ್ಮಮ್ಮನಿಗೂ ಇತ್ತು. ನಾನು ಬೇರೆ ದಿನಾ ಮಂಡ್ಯದಿಂದ ಶ್ರೀರಂಗಪಟ್ಟಣಕ್ಕೆ ಸ್ಕೂಟರ್‌ನಲ್ಲಿ ಕೆಲಸಕ್ಕೆ ಹೋಗುವವಳು.

ಮೂರು ವರ್ಷದಲ್ಲಿ ನಾಲ್ಕು ದಾರಿ ನೋಡಿದೆ. ಪ್ರತಿ ಭಾನುವಾರ ಬೆಳಿಗ್ಗೆ ಅಡುಗೆಮನೆಯ ಅದೇ ಕಿಟಕಿ ಪಕ್ಕ ನಿಂತು ಫೋಟೋ ತೆಗೆದಿಟ್ಟಿದ್ದೇನೆ. ನೀವೂ ಹಾಗೇ ಮಾಡಿ, ಕನ್ನಡಿ ನಂಬಬೇಡಿ.

ಮೊದಲು ಅತ್ತೆ ಹೇಳಿದ ಲೇಪ. ಕಸ್ತೂರಿ ಅರಿಶಿನ, ಕಡಲೆಹಿಟ್ಟು, ಮೊಸರು. ಎರಡು ತಿಂಗಳು ಹಚ್ಚಿದೆ. ಮುಖ ನುಣುಪಾಯಿತು, ಬಂಗು ಇದ್ದ ಹಾಗೇ ಇತ್ತು. ತೊಂದರೆಯೂ ಇಲ್ಲ, ಉಪಯೋಗವೂ ಇಲ್ಲ. ಆಮೇಲೆ ಯಾರೋ ಹೇಳಿದರು ಅಂತ ನಿಂಬೆಹಣ್ಣು ಉಜ್ಜಿದೆ. ಅದು ತಪ್ಪು. ಚುರುಚುರು ಉರಿದು ಎರಡೇ ವಾರಕ್ಕೆ ಬಂಗಿನ ಅಂಚು ಇನ್ನೂ ಕಪ್ಪಾಯಿತು. ನಮ್ಮಂಥ ಬಣ್ಣದ ಚರ್ಮ ಎಲ್ಲಿ ಉರಿಯುತ್ತದೋ ಅಲ್ಲಿ ಕಪ್ಪಾಗುತ್ತದೆ.

ಎರಡನೆಯದು ಮೆಡಿಕಲ್ ಶಾಪಿನ ಟ್ಯೂಬ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಚೀಟಿ ಕೇಳದೆ ಕೊಟ್ಟರು. "ಅಕ್ಕ, ರಾತ್ರಿ ಹಚ್ಚಿ ಮಲಗಿ, ಹದಿನೈದು ದಿನಕ್ಕೆ ಗೊತ್ತಾಗುತ್ತೆ" ಅಂದರು. ನಿಜವಾಗಿಯೂ ಗೊತ್ತಾಯಿತು! ಮೂರನೇ ವಾರದ ಫೋಟೋದಲ್ಲಿ ಬಂಗು ಅರ್ಧಕ್ಕರ್ಧ ಇಲ್ಲ. ನಾಲ್ಕರಲ್ಲಿ ಇಷ್ಟು ಬೇಗ ಕೆಲಸ ಮಾಡಿದ್ದು ಇದೊಂದೇ, ಅದಕ್ಕೇ ಏಳು ತಿಂಗಳು ಬಿಡದೆ ಹಚ್ಚಿದೆ. ಒಂದು ಸಲ ಟ್ಯೂಬ್ ಮುಗಿದು ನಾಲ್ಕು ದಿನ ಹಚ್ಚಲಿಲ್ಲ. ಮುಖ ಕೆಂಪಗೆ ಊದಿತು, ಅನ್ನದ ಪಾತ್ರೆಯ ಮುಚ್ಚಳ ತೆಗೆದರೆ ಆ ಹಬೆಗೇ ಕೆನ್ನೆ ಬೆಂಕಿ ಇಟ್ಟ ಹಾಗೆ ಉರಿಯುತ್ತಿತ್ತು. ಮೂಗಿನ ಪಕ್ಕ ಕೆಂಪು ದಾರದಂಥ ನರ ಕಾಣುತ್ತಿದ್ದವು, ಕೆನ್ನೆ ಮೇಲೆ ಸಣ್ಣ ಕೂದಲು ಬಂದಿತ್ತು.

ಮೈಸೂರಿನ ಚರ್ಮದ ಡಾಕ್ಟರು ಟ್ಯೂಬ್ ತಿರುಗಿಸಿ ಓದಿದರು. "ಎಷ್ಟು ದಿನದಿಂದ ಹಚ್ಚುತ್ತಾ ಇದ್ದೀರಮ್ಮಾ?" ಅಂತ ಕೇಳಿದರು. ಅದರಲ್ಲಿದ್ದದ್ದು ಮೂರು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಮೊದಲನೆಯದು ಬಣ್ಣ ತಿಳಿ ಮಾಡುವುದು, ಎರಡನೆಯದು ಚರ್ಮದ ಮೇಲ್ಪದರ ಬೇಗ ಕಳಚಿಸುವುದು. ಮೂರನೆಯದು ಸ್ಟೀರಾಯ್ಡ್, ನನ್ನ ಉರಿ, ಕೆಂಪು, ಕೂದಲಿಗೆಲ್ಲ ಕಾರಣ ಅದನ್ನು ಅಷ್ಟು ದಿನ ಹಚ್ಚಿದ್ದು. ಈ ಥರದ ಮಿಶ್ರಣ ಹೊಸದಲ್ಲ, 1975ರಲ್ಲೇ ಕ್ಲಿಗ್ಮನ್ ಮತ್ತು ವಿಲ್ಲಿಸ್ ಅನ್ನುವ ಅಮೆರಿಕದ ವೈದ್ಯರು ಪ್ರಕಟಿಸಿದ್ದರು. ಔಷಧಿ ಕೆಟ್ಟದ್ದಲ್ಲ. ಡಾಕ್ಟರ ಕಣ್ಣ ಮುಂದೆ ಕೆಲವು ವಾರ ಹಚ್ಚಿ ನಿಲ್ಲಿಸಬೇಕಾದದ್ದನ್ನು ನಾವು ಸ್ನೋ ಹಚ್ಚಿದ ಹಾಗೆ ತಿಂಗಳುಗಟ್ಟಲೆ ಹಚ್ಚುತ್ತೇವೆ. ಹೈಡ್ರೋಕ್ವಿನೋನ್ ವರ್ಷಗಟ್ಟಲೆ ಹಚ್ಚಿದರೆ ನೀಲಿಗಪ್ಪು ಕಲೆ ಬಂದು ಹೋಗದೆ ಉಳಿಯಬಹುದಂತೆ. ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿತು. ಆದರೂ ನನಗೆ ಸಿಕ್ಕಿತು, ನಿಮಗೂ ಸಿಗುತ್ತದೆ. ಪ್ಯಾಕೆಟ್ ಮೇಲೆ ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಾಸೋಲ್ ಅಂತ ಇದ್ದರೆ ಸುಮ್ನೆ ವಾಪಸ್ ಇಟ್ಟು ಬನ್ನಿ. ಈಗಾಗಲೇ ಹಚ್ಚುತ್ತಿದ್ದರೆ ಡಾಕ್ಟರನ್ನು ಕೇಳಿಯೇ ಬಿಡಿಸಿಕೊಳ್ಳಿ.

ಉರಿ ಆರುವುದಕ್ಕೇ ಎರಡು ತಿಂಗಳು ಹಿಡಿಯಿತು. ಆಮೇಲೆ ಅವರು ಕೋಣೆ ಕತ್ತಲು ಮಾಡಿ ನೇರಳೆ ದೀಪ ಹಿಡಿದು ನೋಡಿದರು. ಬಣ್ಣ ಚರ್ಮದ ಮೇಲ್ಪದರದಲ್ಲಿದೆಯೋ ಆಳಕ್ಕೆ ಇಳಿದಿದೆಯೋ ಅನ್ನುವ ಅಂದಾಜು ಅದರಲ್ಲಿ ಸಿಗುತ್ತದೆ. ನನಗೆ ಎರಡೂ ಇತ್ತು.

ಮೂರನೆಯದು ಅವರು ಕೊಟ್ಟ ಅಜೆಲಾಯಿಕ್ ಆಸಿಡ್ 20 ಪರ್ಸೆಂಟ್ ಕ್ರೀಮ್. ಮೊದಲ ಎರಡು ವಾರ ಇರುವೆ ಹರಿದ ಹಾಗೆ ಜುಮುಜುಮು. ಎರಡು ತಿಂಗಳು ಏನೂ ಕಾಣಲಿಲ್ಲ, ಬಿಟ್ಟುಬಿಡೋಣ ಅನ್ನಿಸಿತ್ತು. ಮೂರನೇ ತಿಂಗಳು ಅಂಚು ಮಸುಕಾಯಿತು, ಆರನೇ ತಿಂಗಳಿಗೆ ಮೇಲ್ದುಟಿಯದು ಪೂರ್ತಿ ಹೋಯಿತು. ಬಸುರಿಯರಿಗೂ ಡಾಕ್ಟರು ಇದನ್ನು ಬರೆಯುತ್ತಾರೆ, ಟ್ರೆಟಿನಾಯಿನ್ ಹಾಗಲ್ಲ. ನನ್ನ ಓಟು ಇದಕ್ಕೇ.

ನಾಲ್ಕನೆಯದು ಗ್ಲೈಕೋಲಿಕ್ ಪೀಲ್, ಅಂದರೆ ಆಸಿಡ್ ಹಚ್ಚಿ ಚರ್ಮದ ಮೇಲ್ಪದರ ಸುಲಿಯುವಂತೆ ಮಾಡುವುದು. ಆರು ಸಲ ಅಂದಿದ್ದರು, ಎರಡಕ್ಕೇ ನಿಲ್ಲಿಸಿದೆ. ಸಿಪ್ಪೆ ಏಳುವಾಗಲೇ ಮದ್ದೂರಿನ ಕಡೆ ಒಂದು ಮದುವೆಗೆ ಹೋಗಿ ಬಿಸಿಲಲ್ಲಿ ನಿಂತೆ, ಮತ್ತೆ ಕಪ್ಪಾಯಿತು. ಬಿಸಿಲಲ್ಲಿ ಓಡಾಡುವವರಿಗೆ ಇಷ್ಟು ದುಡ್ಡು ಕೊಟ್ಟು ಇದು ಬೇಡ.

ಸನ್‌ಸ್ಕ್ರೀನ್ ಇಲ್ಲದೆ ಇವು ಯಾವುದೂ ನಿಲ್ಲುವುದಿಲ್ಲ. ಅದರಲ್ಲೂ ಎರಡು ನೋಡಿದೆ. ಬಿಳಿಯದು ವಿಭೂತಿ ಬಳಿದ ಹಾಗೆ ಕಾಣುತ್ತಿತ್ತು, ಹಾಗಾಗಿ ಕಮ್ಮಿ ಹಚ್ಚುತ್ತಿದ್ದೆ. ಚರ್ಮದ ಬಣ್ಣದ್ದು, ಅಂದರೆ ಐರನ್ ಆಕ್ಸೈಡ್ ಇರುವುದು, ಬಂಗಿಗೆ ಇನ್ನೂ ಒಳ್ಳೆಯದು. ಯಾಕೆಂದರೆ ಕಣ್ಣಿಗೆ ಕಾಣುವ ಬೆಳಕಿಗೂ ಬಂಗು ಕಪ್ಪಾಗುತ್ತದೆ, ಅದನ್ನು ತಡೆಯುವುದು ಈ ಬಣ್ಣವೇ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಾಕಿಕೊಂಡರೆ ಮುಖ, ಕತ್ತಿಗೆ ಸರಿಹೋಗುತ್ತದೆ. ಮಧ್ಯಾಹ್ನ ಊಟ ಆದ ಮೇಲೆ ಇನ್ನೊಂದು ಸಲ.

ಇನ್ನೊಂದು ವಿಷಯ, ಎಲ್ಲ ಕಪ್ಪೂ ಬಂಗಲ್ಲ. ನಮ್ಮಣ್ಣನ ಮಗನ ಕತ್ತಿನ ಹಿಂದೆ ಕಪ್ಪಗೆ ದಪ್ಪಗೆ ಆಗಿತ್ತು. ಕೊಳೆ ಅಂತ ಅತ್ತಿಗೆ ತೆಂಗಿನ ನಾರಲ್ಲಿ ಉಜ್ಜುತ್ತಿದ್ದರು, ಪಾಪ ಆ ಹುಡುಗ ಅಳುತ್ತಿದ್ದ. ಅದು ಕೊಳೆಯಲ್ಲ, ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಗುರುತು. ಶುಗರ್ ಟೆಸ್ಟ್ ಮಾಡಿಸಬೇಕಾದದ್ದು. ಅಂಗೈ ಗೆರೆ, ವಸಡು ಎಲ್ಲ ಕಪ್ಪಾಗಿ ಸುಸ್ತು, ತೂಕ ಇಳಿಯುವುದು ಇದ್ದರೆ ಕ್ರೀಮ್ ಹುಡುಕುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಈ ಏಪ್ರಿಲ್‌ನಲ್ಲಿ ನನ್ನ ಎಡಗೆನ್ನೆಯ ಬಂಗು ಮತ್ತೆ ಸ್ವಲ್ಪ ಎದ್ದಿತು. ಊರಲ್ಲಿ ಎರಡು ದಿನ ಆಲೆಮನೆ ಒಲೆ ಮುಂದೆ ಇದ್ದೆ, ಬಿಸಿಗೂ ಅದು ಏಳುತ್ತದೆ. ಅಜೆಲಾಯಿಕ್ ಮತ್ತೆ ಶುರು ಮಾಡಿದ್ದೇನೆ, ಹೋದ ಭಾನುವಾರದ್ದು ಒಂಬತ್ತನೇ ಫೋಟೋ.