ಕುರಿ ರೊಪ್ಪಕ್ಕೆ ಸೋಲಾರ್ ಝಟ್ಕಾ ಬಲೆ: ಕೆಮ್ಮಣ್ಣಿನ ಹೊಲದಲ್ಲಿ ಬಹುಕಾಲ ಬಳಸಿದ ಮೇಲೆ

ಚಳ್ಳಕೆರೆ ಸೀಮೆಯ ಮಳೆಯಾಶ್ರಿತ ಹೊಲದಲ್ಲಿ ನಲವತ್ತರ ಆಸುಪಾಸು ಬಳ್ಳಾರಿ ತಳಿಯ ಕುರಿಗಳನ್ನು ಸಾಕಿಕೊಂಡಿರುವ ನಮಗೆ ರಾತ್ರಿ ಕುರಿ ಕೂಡುವ ರೊಪ್ಪದ್ದೇ ದೊಡ್ಡ ಚಿಂತೆಯಾಗಿತ್ತು. ಜಾಲಿ ಮುಳ್ಳಿನ ರೊಪ್ಪ ಒಮ್ಮೆ ಕಟ್ಟಿದರೆ ಅಲ್ಲೇ ಉಳಿಯುತ್ತದೆ. ಗೊಬ್ಬರವೂ ಅಲ್ಲೇ ಗುಡ್ಡೆ ಬೀಳುವುದರಿಂದ ಅದನ್ನು ಹೊಲಕ್ಕೆ ಹೊಡೆಸುವ ಕೂಲಿ ಬೇರೆ ಬೀಳುತ್ತದೆ. ಊರೂರು ತಿರುಗುವ ಕುರಿಗಾರರು ಬಳಸುವ ಸಾದಾ ನೈಲಾನ್ ಬಲೆಯನ್ನು ಎತ್ತಿ ಕಟ್ಟುವುದು ಸುಲಭ, ಆದರೆ ರಾತ್ರಿ ನಾಯಿಗಳ ಹಿಂಡು ಬಿದ್ದರೆ ಅದು ತಡೆಯುವುದಿಲ್ಲ. ಆದ್ದರಿಂದ 50 ಮೀಟರ್ ಉದ್ದದ ಎರಡು ವಿದ್ಯುತ್ ಬಲೆಗಳನ್ನೂ ಸೋಲಾರ್‌ನಿಂದ ನಡೆಯುವ ಒಂದು ಝಟ್ಕಾ ಮಷಿನ್ನನ್ನೂ (ಬಲೆಯ ತಂತಿಗೆ ಬಿಟ್ಟು ಬಿಟ್ಟು ಶಾಕ್ ಕಳಿಸುವ ಪೆಟ್ಟಿಗೆ) ಕೊಂಡೆವು. ಬಲೆಯ ಎತ್ತರ, ಬ್ಯಾಟರಿ, ಪ್ಯಾನೆಲ್ಲಿನ ವಿವರಗಳು ಮಾರುವವರ ಪಟ್ಟಿಯಲ್ಲೇ ಇರುವುದರಿಂದ ಅವನ್ನು ಇಲ್ಲಿ ಬರೆಯುತ್ತಿಲ್ಲ.

ಮೊದಲು ಸಂತೋಷದ ಮಾತು. ಎರಡು ಬಲೆಗಳನ್ನು ಚೌಕವಾಗಿ ನಿಲ್ಲಿಸಿದರೆ ಸುಮಾರು 6 ಗುಂಟೆ ಒಳಗೆ ಬರುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ಜಾಗ ಬದಲಿಸುತ್ತ ಹೋದರೆ ತಿಂಗಳೊಳಗೆ ಎಕರೆ ಹೊಲಕ್ಕೆ ಹಿಕ್ಕೆ, ಗಂಜಲ ಎರಡೂ ಬಿದ್ದಿರುತ್ತವೆ. ಕುರಿ ಗೊಬ್ಬರದಲ್ಲಿ ಶೇ. 3ರಷ್ಟು ಸಾರಜನಕ ಇರುತ್ತದೆಂದು ಕೃಷಿ ಪಠ್ಯಗಳು ಹೇಳುತ್ತವೆ. ಅದರ ಜೊತೆಗೆ ಹಳೆಯ ರೊಪ್ಪದ ನೆಲಕ್ಕೆ ಇಂಗಿ ಹೋಗುತ್ತಿದ್ದ ಗಂಜಲವೂ ಈಗ ನೇರವಾಗಿ ಬೆಳೆಯ ನೆಲಕ್ಕೆ ಸಿಗುತ್ತಿದೆ. ಶೇಂಗಾ ಕಿತ್ತ ಹೊಲದಲ್ಲಿ ಉದುರಿದ ಎಲೆ, ಉಳಿದ ಜೊಳ್ಳು ಕಾಯಿಗಳನ್ನೂ ಕುರಿಗಳು ಹುಡುಕಿ ತಿಂದು ನೆಲವನ್ನು ಚೊಕ್ಕಟ ಮಾಡುತ್ತವೆ.

ಬಲೆ ಎತ್ತುವ ಬೆಳಗಿನ ಕೆಲಸ ನನಗೆ ಇಷ್ಟು ಹಿಡಿಸುತ್ತದೆಂದು ಅಂದುಕೊಂಡಿರಲಿಲ್ಲ. ಮೊದಲು ಮಷಿನ್ ಆರಿಸಿ, ಅದರ ಟಿಕ್ ಟಿಕ್ ಸದ್ದು ನಿಂತದ್ದನ್ನು ಕಿವಿಯಾರೆ ಕೇಳಿ, ಆಮೇಲೆ ಕೊನೆಯ ಗೂಟದಿಂದ ಶುರು ಮಾಡಬೇಕು. ಒಂದೊಂದೇ ಗೂಟ ಕಿತ್ತು ಎಡಗೈಗೆ ಒರಗಿಸಿಕೊಂಡು, ನಡುವಿನ ಬಲೆ ಮಡಿಕೆ ಮಡಿಕೆಯಾಗಿ ಇಳಿಬೀಳುವಂತೆ ನಡೆಯುತ್ತ ಹೋದರೆ, ಹೊಸ ಜಾಗದಲ್ಲಿ ಅದೇ ಕ್ರಮದಲ್ಲಿ ಒಂದು ಸಿಕ್ಕೂ ಇಲ್ಲದೆ ಬಿಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಹಿರಿಯ ಕುರಿಗಳು ಹೊಸ ಮೇವು ತೆರೆದುಕೊಳ್ಳುವ ಕಡೆಗೇ ಬಂದು ನಿಂತಿರುತ್ತವೆ. ಬಿಸಿಲೇರುವ ಮುನ್ನವೇ ಕೆಲಸ ಮುಗಿಯುತ್ತದೆ, ಇನ್ನೊಬ್ಬರ ಸಹಾಯ ಬೇಕಿಲ್ಲ.

ಇಷ್ಟೆಲ್ಲ ಮಳೆಗಾಲದ ಮತ್ತು ಚಳಿಗಾಲದ ಮಾತು. ಮಾರ್ಚ್ ಬಂದು ಕೆಮ್ಮಣ್ಣು ಕಲ್ಲಾದ ಮೇಲೆ ಇದೇ ಬಲೆ ಬೇರೆಯೇ ಆಗುತ್ತದೆ. ಗೂಟದ ಮೊಳೆ ನೆಲಕ್ಕೆ ಇಳಿಯದೆ ಹಾರೆಯಿಂದ ಗುಳಿ ಹೊಡೆಯಬೇಕಾಗುವುದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಅರ್ತಿಂಗ್. ಮಷಿನ್ನಿನಿಂದ ಹೊರಟ ವಿದ್ಯುತ್ತು ತಂತಿ, ಕುರಿಯ ಮೈ, ಗೊರಸು ಮತ್ತು ಮಣ್ಣನ್ನು ಹಾದು ನೆಲಕ್ಕೆ ಹುಗಿದ ಅರ್ತ್ ಸಲಾಕೆಯ ಮೂಲಕ ಮಷಿನ್ನಿಗೇ ಮರಳಿದಾಗ ಮಾತ್ರ ಶಾಕ್ ಹೊಡೆಯುತ್ತದೆ. ಮಣ್ಣು ಪೂರ್ತಿ ಒಣಗಿದರೆ ಆ ದಾರಿಯೇ ಕಡಿದಂತೆ. ಟೆಸ್ಟರನ್ನು ಮಷಿನ್ನಿನ ಎರಡು ತುದಿಗಳಿಗೆ ಹಿಡಿದಾಗ 6,000 ವೋಲ್ಟಿಗೂ ಮೇಲೆ ತೋರಿಸುತ್ತಿದ್ದದ್ದು, ಬಲೆಯ ದೂರದ ತುದಿಯಲ್ಲಿ ಒಣ ನೆಲಕ್ಕೆ ಚುಚ್ಚಿ ನೋಡಿದಾಗ 2,000 ದಾಟುತ್ತಿರಲಿಲ್ಲ. ಉಣ್ಣೆ ಹೊದ್ದ ಕುರಿಗೆ ಅದು ಏನೇನೂ ಸಾಲದು. ನಮ್ಮ ಟಗರು ಬಲೆಗೆ ಮೈಯುಜ್ಜಿಕೊಂಡು ನಿಂತಿತ್ತು. ಮಾರಿದವರನ್ನು ಕೇಳಿದರೆ ಬ್ಯಾಟರಿ ಹೋಗಿದೆ ಎಂದು ಹೊಸದೊಂದನ್ನು ಕೊಡಿಸಿದರು. ದೋಷವಿದ್ದದ್ದು ಅವರೇ ಕೊಟ್ಟಿದ್ದ, ಒಂದೂವರೆ ಅಡಿಯೂ ಇಲ್ಲದ ಅರ್ತ್ ಸಲಾಕೆಯಲ್ಲಿ. ಬಯಲುಸೀಮೆಯ ರೈತರಿಗೆ ಸಾಮಾನು ಮಾರುವವರು ಬಯಲುಸೀಮೆಯ ಬೇಸಿಗೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳದಿರುವುದು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ.

ಆಮೇಲೆ ಒಂದೊಂದು ಮೀಟರಿನ ಮೂರು ಜಿಐ (ಸತು ಲೇಪಿಸಿದ ಕಬ್ಬಿಣದ) ಸಲಾಕೆಗಳನ್ನು ಮೂರು ಮೀಟರ್ ಅಂತರದಲ್ಲಿ ಹುಗಿದು, ಒಂದಕ್ಕೊಂದು ತಂತಿ ಜೋಡಿಸಿ, ಪ್ರತಿ ಸಂಜೆ ಬುಡಕ್ಕೆ ಒಂದೊಂದು ಕೊಡ ನೀರು ಹೊಯ್ಯಲು ಶುರು ಮಾಡಿದೆವು. ಏಪ್ರಿಲ್‌ವರೆಗೆ ಇದು ನಡೆಯುತ್ತದೆ. ಅದರಾಚೆ ಸಲಾಕೆಯ ಬುಡ ತೇವವಾಗಿದ್ದರೂ ಕುರಿಯ ಕಾಲಡಿಯ ನೆಲ ಒಣಗಿರುವುದರಿಂದ ಅಷ್ಟು ಸಾಲದು. ಅದಕ್ಕೆ ತಕ್ಕ ಪರಿಹಾರವೆಂದರೆ ತಂತಿಯ ಗೆರೆಗಳಲ್ಲಿ ಒಂದು ಬಿಟ್ಟು ಒಂದನ್ನು ಅರ್ತ್‌ಗೆ ಜೋಡಿಸಿದ ಪ್ಲಸ್-ಮೈನಸ್ ಬಲೆ; ಕುರಿಯ ಮೂತಿ ಎರಡು ಗೆರೆಗಳನ್ನು ಒಟ್ಟಿಗೆ ಮುಟ್ಟಿದರೆ ಸಾಕು, ಮಣ್ಣಿನ ಹಂಗಿಲ್ಲದೆ ಶಾಕ್ ತಗಲುತ್ತದೆ. ಅಂಥದ್ದೊಂದನ್ನು ಕಳೆದ ಬೇಸಿಗೆಗೆ ತಂದೆವು. ಅಂದಿನಿಂದ ಈ ವ್ಯವಸ್ಥೆಯ ಮೇಲೆ ನನಗಿದ್ದ ಮುನಿಸು ಬಹುಮಟ್ಟಿಗೆ ಇಳಿದಿದೆ.

ಉಳಿದ ತೊಂದರೆಗಳು ಸಣ್ಣವು. ಮಳೆಗಾಲದಲ್ಲಿ ಗರಿಕೆ ಬೆಳೆದು ತಂತಿಗೆ ತಾಗಿದರೆ ವೋಲ್ಟ್ ಸೋರಿಹೋಗುತ್ತದೆ, ಬಲೆಯ ಸಾಲಿನಲ್ಲಿ ಕುಡುಗೋಲು ಆಡಿಸಬೇಕು. ಎಳೆ ಮರಿಗಳೂ ಕೊಂಬಿನ ಟಗರುಗಳೂ ಸಿಕ್ಕಿಕೊಳ್ಳುವ ಭಯವಿರುವುದರಿಂದ ಹೊಸ ಕುರಿಗಳನ್ನು ಹಗಲಿನಲ್ಲಿ, ನಮ್ಮ ಕಣ್ಣೆದುರಿಗೇ ಬಲೆಗೆ ಪಳಗಿಸಬೇಕು. ಚಿರತೆ ಓಡಾಡುವ ಗುಡ್ಡದಂಚಿನವರು ಇದನ್ನು ನಂಬಿ ಮಲಗಬಾರದು, ಈ ಎತ್ತರ ಅದಕ್ಕೆ ಒಂದು ಜಿಗಿತ.

ಖರ್ಚು ಉಳಿಸಲು ಮಷಿನ್ ಬಿಟ್ಟು ಮನೆಯ ಕರೆಂಟನ್ನೇ ಬಲೆಗೆ ಕೊಡುವ ಯೋಚನೆಯನ್ನು ಯಾರೂ ಮಾಡಬೇಡಿ. ಮಷಿನ್ನಿನ ಶಾಕ್ ಸುಮಾರು ಸೆಕೆಂಡಿಗೊಮ್ಮೆ, ಸೆಕೆಂಡಿನ ಸಾವಿರದ ಒಂದು ಭಾಗಕ್ಕೂ ಕಡಿಮೆ ಹೊತ್ತು ಬಂದು ಹೋಗುತ್ತದೆ. ಮನೆಯ ಕರೆಂಟು ಹಿಡಿದರೆ ಬಿಡುವುದಿಲ್ಲ, ಮನುಷ್ಯರೂ ಸಾಯುತ್ತಾರೆ.

ನಮಗೆ ಮೊದಲ ಖರೀದಿಗೇ ಎರಡು ಮೂರು ಒಳ್ಳೆಯ ಟಗರು ಮಾರಿದಷ್ಟು ಹಣ ಬೇಕಾಯಿತು. ಹತ್ತು ಹದಿನೈದು ಕುರಿ ಇರುವವರಿಗೆ ಅದು ಹೊರೆಯೇ; ಅವರಿಗೆ ಸಾದಾ ಬಲೆ ಮತ್ತು ಒಂದು ಒಳ್ಳೆಯ ನಾಯಿ ಸಾಕು. ನಮ್ಮಷ್ಟು ಕುರಿ, ನಮ್ಮಂಥ ನೆಲ ಇರುವವರು ಧೈರ್ಯವಾಗಿ ಕೊಳ್ಳಬಹುದು, ಆದರೆ ಮೊದಲ ಬಲೆಯೇ ಪ್ಲಸ್-ಮೈನಸ್ ಆಗಿರಲಿ, ಅರ್ತ್ ಸಲಾಕೆಯನ್ನು ಅಳತೆ ಕೊಟ್ಟು ನೀವೇ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿಕೊಳ್ಳಿ.