ತೆರಿಗೆ ವೃತ್ತಿಯವರ ಬಳಗಕ್ಕೆ ವಾಟ್ಸಾಪ್ ಕಮ್ಯೂನಿಟಿ ಎಷ್ಟು ಹೊಂದುತ್ತದೆ?

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಜಿಎಸ್‌ಟಿ ಸಲಹೆಗಾರರು, ಅಂಗಡಿಗಳ ಲೆಕ್ಕ ಬರೆಯುವವರು ಮತ್ತು ಈಗಷ್ಟೇ ವೃತ್ತಿಗೆ ಕಾಲಿಟ್ಟ ಸಹಾಯಕರು ಸೇರಿರುವ ಒಂದು ಬಳಗ ವಾಟ್ಸಾಪಿನ ಕಮ್ಯೂನಿಟಿ ಸೌಲಭ್ಯವನ್ನು ಬಳಸುತ್ತಿದ್ದು, ಅದರ ಸದಸ್ಯನಾಗಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. 2022ರ ನವೆಂಬರಿನಲ್ಲಿ ಬಂದ ಈ ಸೌಲಭ್ಯವು ಹಲವು ಗುಂಪುಗಳನ್ನು ಒಟ್ಟಿಗೆ ಜೋಡಿಸುತ್ತದೆ: ಅಡ್ಮಿನ್‌ಗಳು ಮಾತ್ರ ಬರೆಯಬಹುದಾದ ಪ್ರಕಟಣೆಯ ಗುಂಪು ಒಂದು, ಅದರ ಕೆಳಗೆ ವಿಷಯವಾರು ಚರ್ಚೆಯ ಗುಂಪುಗಳು ಹಲವು. ಇದಕ್ಕೆ ಶುಲ್ಕವಿಲ್ಲ.

ಪ್ರಕಟಣೆಯ ಗುಂಪನ್ನು ಬೇರೆ ಇಟ್ಟಿರುವುದೇ ಇದರ ದೊಡ್ಡ ಗುಣ. ತಿಂಗಳು ತಿಂಗಳು ರಿಟರ್ನ್ ಸಲ್ಲಿಸುವವರಿಗೆ 11ನೇ ತಾರೀಖು ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೂ 20ನೇ ತಾರೀಖು ತೆರಿಗೆಯ ಲೆಕ್ಕ ಕೊಟ್ಟು ಕಟ್ಟುವ ಜಿಎಸ್‌ಟಿಆರ್-3ಬಿಗೂ ಕೊನೆಯ ದಿನ. 19ರ ರಾತ್ರಿ ಯಾರೋ ಹಳೆಯ ಅಧಿಸೂಚನೆಯೊಂದನ್ನು ಹಾಕಿ ‘ದಿನಾಂಕ ಮುಂದಕ್ಕೆ ಹೋಗಿದೆ’ ಎಂದು ಬರೆದರೆ, ಅದನ್ನು ನಂಬಿ ಮಲಗಿದವರ ಕಕ್ಷಿದಾರರು ದಿನಕ್ಕೆ 50 ರೂಪಾಯಿಯಂತೆ ವಿಳಂಬ ಶುಲ್ಕ ಕಟ್ಟಬೇಕಾಗುತ್ತದೆ. ಹಲವು ಕೈ ದಾಟಿ ಬಂದ ಸಂದೇಶಕ್ಕೆ ಎರಡು ಬಾಣದ ಗುರುತು ಬೀಳುವುದರಿಂದ ತಕ್ಕಮಟ್ಟಿನ ಎಚ್ಚರಿಕೆ ಸಿಗುತ್ತದೆ, ನಿಜ. ಆದರೆ ಆ ಗುರುತು ಸಂದೇಶ ಸುತ್ತಾಡಿರುವುದನ್ನು ಹೇಳುತ್ತದೆಯೇ ಹೊರತು ಸುಳ್ಳೋ ನಿಜವೋ ಎಂಬುದನ್ನು ಹೇಳುವುದಿಲ್ಲ. ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕ ಮೊದಲ ಸಾಲಿನಲ್ಲಿಲ್ಲದ ಯಾವುದನ್ನೂ ಹಾಕಕೂಡದೆಂಬ ನಿಯಮವನ್ನು ನಮ್ಮ ಅಡ್ಮಿನ್‌ಗಳು ಮಾಡಿಕೊಂಡ ಮೇಲೆ ಇಂಥ ಗಾಬರಿ ಬಹುಮಟ್ಟಿಗೆ ನಿಂತಿದೆ.

ಚರ್ಚೆಯ ಗುಂಪುಗಳ ವಿಚಾರ ಬೇರೆ. ಅಲ್ಲಿ ಸೌಲಭ್ಯಕ್ಕಿಂತ ಸದಸ್ಯರ ಬರವಣಿಗೆಯೇ ಬಳಗದ ಬೆಲೆಯನ್ನು ನಿರ್ಧರಿಸುತ್ತದೆ. ‘ಸಾರ್, ಬೆಲ್ಲಕ್ಕೆ ಟ್ಯಾಕ್ಸ್ ಎಷ್ಟು? ಅರ್ಜೆಂಟ್’ ಎಂಬ ಪ್ರಶ್ನೆಗೆ ಇಬ್ಬರು ‘ಇಲ್ಲ’ ಎಂದೂ ಮೂವರು ‘ಐದು’ ಎಂದೂ ಉತ್ತರಿಸುತ್ತಾರೆ, ಎರಡೂ ಕಡೆಯವರು ಸರಿಯಾಗಿಯೇ ಇರುತ್ತಾರೆ. ಏಕೆಂದರೆ ಪೊಟ್ಟಣ ಕಟ್ಟಿ ಲೇಬಲ್ ಅಂಟಿಸಿದ ಬೆಲ್ಲಕ್ಕೆ 2022ರ ಜುಲೈ 18ರಿಂದ ಶೇಕಡಾ 5ರ ತೆರಿಗೆ ಬಂತು, ಬಿಡಿ ಬೆಲ್ಲಕ್ಕೆ ಬರಲಿಲ್ಲ. ಅದೇ ಪ್ರಶ್ನೆಯನ್ನು ‘ಮಂಡ್ಯದ ಮಂಡಿ ವರ್ತಕರೊಬ್ಬರು ಆಲೆಮನೆಯಿಂದ ಅಚ್ಚುಬೆಲ್ಲ ಕೊಂಡು, ಒಂದು ಕೆಜಿ ಪೊಟ್ಟಣದ ಮೇಲೆ ತಮ್ಮ ಹೆಸರು ಮುದ್ರಿಸಿ ಮೈಸೂರಿನ ಸಂತೇಪೇಟೆಯ ಅಂಗಡಿಗೆ ಮಾರುತ್ತಾರೆ, ಬಿಲ್ಲಿನಲ್ಲಿ ಶೇಕಡಾ 5 ಹಾಕಬೇಕೆಂದು ನನ್ನ ಅಭಿಪ್ರಾಯ, ಸರಿಯೇ?’ ಎಂದು ಕೇಳಿದರೆ ಹಿರಿಯರೊಬ್ಬರು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಕೇಳುವವರು ತಾವು ಎಲ್ಲಿಯವರೆಗೆ ನೋಡಿದ್ದೇವೆಂದು ತಿಳಿಸಿದಾಗ ಉತ್ತರಿಸುವವರಿಗೂ ಉತ್ಸಾಹ ಬರುತ್ತದೆ.

ಪೋರ್ಟಲ್‌ನ ಪರದೆಯ ಚಿತ್ರವನ್ನು ಹಾಗೆಯೇ ತೆಗೆದು ಹಾಕುವ ಅಭ್ಯಾಸ ಮಾತ್ರ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಹದಿನೈದು ಅಕ್ಷರಗಳ ಜಿಎಸ್‌ಟಿ ಸಂಖ್ಯೆಯಲ್ಲಿ ಮೊದಲ ಎರಡು ಅಂಕಿ ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ನಂತರದ ಹತ್ತು ಅಕ್ಷರಗಳು ಕಕ್ಷಿದಾರರ ಪಾನ್ ಸಂಖ್ಯೆಯೇ. ನಂಬಿ ಕಾಗದ ಕೊಟ್ಟವರ ಪಾನ್ ಮತ್ತು ವಹಿವಾಟಿನ ಮೊತ್ತವನ್ನು ಅವರ ಪಕ್ಕದ ಅಂಗಡಿಯ ಲೆಕ್ಕ ಬರೆಯುವವರೂ ಇರುವ ಗುಂಪಿನಲ್ಲಿ ತೆರೆದಿಡುವುದು ವೃತ್ತಿಗೆ ತಕ್ಕ ನಡತೆಯಲ್ಲ. ಚಿತ್ರ ಕಳಿಸುವ ಮುನ್ನ ವಾಟ್ಸಾಪಿನಲ್ಲೇ ಇರುವ ಪೆನ್ನಿನಿಂದ ಆ ಸಂಖ್ಯೆ ಮತ್ತು ಮೊತ್ತವನ್ನು ದಪ್ಪಗೆ ಬಳಿದು ಮುಚ್ಚುವುದಕ್ಕೆ ಹೆಚ್ಚು ಹೊತ್ತು ಬೇಡ.

ತಪ್ಪು ಉತ್ತರವನ್ನು ತಿದ್ದಲು ಸಿಗುವುದು 15 ನಿಮಿಷ. ಆಮೇಲೆ ಅಳಿಸಬಹುದು, ಆದರೆ ಅಷ್ಟರಲ್ಲಿ ಕೆಳಗೆ ಬೆಳೆದ ಮಾತುಕತೆ ತಲೆಬುಡವಿಲ್ಲದಂತಾಗುತ್ತದೆ. ಹಳೆಯ ಸಂದೇಶವನ್ನೇ ಉಲ್ಲೇಖಿಸಿ ‘ತಿದ್ದುಪಡಿ’ ಎಂದು ಬರೆಯುವವರನ್ನು ಕಂಡರೆ ನನಗೆ ಗೌರವ. ಪ್ರಶ್ನೆ ಕೇಳಿ ಉತ್ತರ ಪಡೆದವರು ‘ಸರಿಹೋಯ್ತು’ ಎಂದಷ್ಟೇ ಹೇಳಿ ಮಾಯವಾಗುವುದು ಇದಕ್ಕಿಂತ ದೊಡ್ಡ ನಷ್ಟ. ನೋಟಿಸಿಗೆ ಯಾವ ದಾಖಲೆ ಲಗತ್ತಿಸಿದಾಗ ಅಧಿಕಾರಿ ಒಪ್ಪಿದರು ಎಂಬ ನಾಲ್ಕು ಸಾಲು, ಸರಕಿನ ಬಗೆಯನ್ನು ಗುರುತಿಸುವ ಎಚ್‌ಎಸ್‌ಎನ್ ಸಂಖ್ಯೆಯೊಂದಿಗೆ ಇದ್ದರೆ, ಮುಂದಿನ ವರ್ಷ ಹುಡುಕುವವರಿಗೂ ಅದು ಸಿಗುತ್ತದೆ. ಕೃತಜ್ಞತೆಗೆ ಸಂದೇಶದ ಮೇಲೆ ಒತ್ತುವ ಕೈಮುಗಿದ ಗುರುತೇ ಸಾಕು. ಸಾಲು ಸಾಲು ‘ಥ್ಯಾಂಕ್ಯೂ ಸಾರ್’ಗಳ ನಡುವೆ ಉತ್ತರವೇ ಮುಚ್ಚಿಹೋಗುತ್ತದೆ.

ಪ್ರಕಟಣೆಯ ಗುಂಪಿನಲ್ಲಿ ಸದಸ್ಯರ ದೂರವಾಣಿ ಸಂಖ್ಯೆಗಳು ಇತರ ಸದಸ್ಯರಿಗೆ ಕಾಣುವುದಿಲ್ಲ, ಚರ್ಚೆಯ ಗುಂಪುಗಳಲ್ಲಿ ಕಾಣುತ್ತವೆ. ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುವವರು ಒಳಬರುವುದು ಈ ಬಾಗಿಲಿನಿಂದಲೇ; ಸೇರಿಸುವ ಮುನ್ನ ಅಡ್ಮಿನ್ ಒಪ್ಪಿಗೆ ಬೇಕೆಂಬ ಆಯ್ಕೆಯನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ನನ್ನ ಅಂಕ ಐದಕ್ಕೆ ನಾಲ್ಕು. ಜಿಲ್ಲೆಯ ಮಟ್ಟದ ಬಳಗಕ್ಕೆ, ಅದರಲ್ಲೂ ನಿಯಮ ಹೇಳಿ ನಡೆಸುವ ಒಂದಿಬ್ಬರು ಅಡ್ಮಿನ್‌ಗಳಿದ್ದರೆ, ಇದನ್ನು ಧೈರ್ಯವಾಗಿ ಆರಿಸಿಕೊಳ್ಳಬಹುದು. ಮೂವತ್ತು ನಲವತ್ತು ಜನರಷ್ಟೇ ಇರುವ ಕಡೆ ಇಷ್ಟು ಏರ್ಪಾಟು ಬೇಡ. ಅಲ್ಲಿ ಸಾಮಾನ್ಯ ಗುಂಪೊಂದೇ ಸಾಕಾಗುತ್ತದೆ.