ರಂಗಾಚಾರ್ಲು ಪುರಭವನ: ಮೈಸೂರಿನ ನಾಟಕಗಳಿಗೆ ತಕ್ಕ ಮನೆ

ದೊಡ್ಡ ಗಡಿಯಾರದ ಬಳಿಯ ರಂಗಾಚಾರ್ಲು ಸ್ಮಾರಕ ಪುರಭವನದ ಮೊದಲ ಅನುಕೂಲ ಅದು ಇರುವ ಜಾಗ. ನಗರ ಬಸ್ ನಿಲ್ದಾಣ ನಡೆದು ಹೋಗುವಷ್ಟು ಹತ್ತಿರವಿರುವುದರಿಂದ, ರಾತ್ರಿ ನಾಟಕ ಮುಗಿಸಿ ಕುವೆಂಪುನಗರಕ್ಕೋ ಬನ್ನಿಮಂಟಪಕ್ಕೋ ಹೊರಡುವವರು ಆಟೋದ ಹಂಗಿನಲ್ಲಿ ಇರಬೇಕಿಲ್ಲ.

1881ರಲ್ಲಿ ಸಂಸ್ಥಾನ ಮತ್ತೆ ಒಡೆಯರ ಕೈಗೆ ಬಂದಾಗ ದಿವಾನರಾಗಿ, ಅದೇ ವರ್ಷ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದ ಸಿ. ರಂಗಾಚಾರ್ಲು 1883ರಲ್ಲಿ ತೀರಿಕೊಂಡರು. ಅವರ ನೆನಪಿಗೆ ಕಟ್ಟಿದ ಈ ಭವನಕ್ಕೆ 1884ರಲ್ಲಿ ಚಾಮರಾಜೇಂದ್ರ ಒಡೆಯರು ಅಡಿಗಲ್ಲು ಹಾಕಿದರು. ಪ್ರಜೆಗಳ ಅಹವಾಲು ಆಡಳಿತದ ಕಿವಿಗೆ ಬೀಳಬೇಕೆಂದು ಬಯಸಿದವರ ಹೆಸರಿನ ಕಟ್ಟಡ ಜನ ಬಂದು ಕೂರುವ ರಂಗಮಂದಿರವಾಗಿಯೇ ಉಳಿಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಮುಂಭಾಗದ ಕಂಬಗಳ ತಲೆಯಲ್ಲಿ ಅರಳಿ ಸುರುಳಿಯಾದ ಎಲೆಗಳ ಕೆತ್ತನೆಯನ್ನು ಒಮ್ಮೆ ನಿಂತು ನೋಡಬೇಕು. ಇಂಥ ಕೆಲಸವನ್ನು ಉಳಿಸಿಕೊಳ್ಳುವುದು ಬಣ್ಣ ಬಳಿದಷ್ಟು ಸುಲಭವಲ್ಲ. ಸುಣ್ಣದ ಗಾರೆ ಗೋಡೆಯೊಳಗಿನ ತೇವವನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ನಿಂತು, ಇಟ್ಟಿಗೆ ಸಡಿಲವಾಗಿ, ಕೊನೆಗೆ ಗಾರೆ ಹಾಳೆ ಹಾಳೆಯಾಗಿ ಉದುರುತ್ತದೆ. ದುರಸ್ತಿಯನ್ನು ಮುಂದೂಡಿದರೆ ಏನಾಗುತ್ತದೆ ಎಂಬುದನ್ನು ಇದೇ ನಗರ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾದಾಗ, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದಾಗ ಕಂಡಿದೆ. ಆದ್ದರಿಂದ ಪುರಭವನದ ಯಾವ ಕೆಲಸವೇ ಆಗಲಿ, ಗಾರೆ ಕೆಲಸ ಬಲ್ಲ ಕುಶಲಿಗಳಿಂದಲೇ ಆಗಬೇಕು. ದೀಪ ಮತ್ತು ಧ್ವನಿವರ್ಧಕಗಳಿಗಾಗಿ ಗೋಡೆ ಕೊರೆಯದೆ, ನೆಲದ ಮೇಲೆ ನಿಲ್ಲುವ ಕಬ್ಬಿಣದ ಚೌಕಟ್ಟುಗಳನ್ನೇ ಬಳಸಬೇಕು.

ನಗರದ ನಾಟಕ ಸಂಸ್ಥೆ ರಂಗಾಯಣದ ಭೂಮಿಗೀತ ರಂಗಮಂದಿರ ಚಿಕ್ಕದು, ಆಪ್ತವಾದದ್ದು. ಪ್ರಯೋಗಶೀಲ ನಾಟಕಗಳಿಗೆ ಅದೇ ಸರಿ. ಆದರೆ ಹಾರ್ಮೋನಿಯಂ, ತಬಲಾ, ಬಣ್ಣದ ಪರದೆಗಳೊಂದಿಗೆ ಬರುವ ಪೌರಾಣಿಕ ನಾಟಕಗಳಿಗೂ, ಮಂಡ್ಯದ ಕಡೆಯ ಹವ್ಯಾಸಿ ತಂಡಗಳಿಗೂ ಪುರಭವನದಂಥ ದೊಡ್ಡ ರಂಗ ಬೇಕೇ ಬೇಕು. ಇದನ್ನು ಮದುವೆಗೂ ಮಾರಾಟ ಮೇಳಕ್ಕೂ ಕೊಡುವ ಆಲೋಚನೆ ಯಾರಿಗೂ ಬಾರದಿರಲಿ. ಬಾಡಿಗೆ ಹಳ್ಳಿಯ ತಂಡದ ಕೈಗೆಟುಕುವಂತಿರಬೇಕು, ತಾಲೀಮಿಗೆ ಹಿಂದಿನ ದಿನವೂ ರಂಗ ಸಿಗಬೇಕು. ಖರ್ಚು ಹೇಗೆ ತೂಗುತ್ತದೆ ಎಂದು ಕೇಳುವವರಿಗೆ, ಆವರಣದ ನೆಲದಡಿಯ ವಾಹನ ನಿಲುಗಡೆ ಯೋಜನೆಯನ್ನು ತೋರಿಸಬಹುದು. ವರ್ಷಗಟ್ಟಲೆ ಎಳೆದಾಡಿದ ಆ ಯೋಜನೆಯಿಂದ ಬರುವ ಹಣವನ್ನು ಭವನದ ನಿರ್ವಹಣೆಗೇ ಮೀಸಲಿಟ್ಟು, ತಿಂಗಳ ನಾಟಕಗಳ ಪಟ್ಟಿಯನ್ನು ಗೇಟಿನ ಬಳಿ ದೊಡ್ಡಕ್ಷರದಲ್ಲಿ ಹಾಕಿದರೆ, ಮಾರುಕಟ್ಟೆಗೆ ಬಂದವರೂ ಟಿಕೆಟ್ ಕೇಳುತ್ತಾರೆ.